ಸೀನಿಗೂ ಒಂದು ಪಂಚಾಂಗ

ಸೀನಿಗೆ ನಮ್ಮ ಜನ ಕೊಟ್ಟಿರುವ ಗೌರವ ಬೇರಾವ ದೇಹಧರ್ಮಕ್ಕೂ ದೊರೆತಿಲ್ಲ. ಶುಭಕಾರ್ಯಕ್ಕೆಂದು ಹೊಸ್ತಿಲು ದಾಟಿದವನು ಒಂಟಿ ಸೀನಿನ ಸದ್ದು ಕೇಳಿ ಹಿಂದಿರುಗುತ್ತಾನೆ. ಒಂದು ಗಳಿಗೆ ಕುಳಿತು, ಒಂದು ಲೋಟ ನೀರು ಕುಡಿದು, ಮತ್ತೆ ಹೊರಡುತ್ತಾನೆ. ಮಗು ಸೀನಿದರೆ ತಾಯಿ 'ಚಿರಂಜೀವಿ' ಎನ್ನುತ್ತಾಳೆ. ಒಂದು ಸೀನಿಗೆ ಒಂದು ಅರ್ಥ, ಎರಡಕ್ಕೆ ಇನ್ನೊಂದು. ಆದರೆ ಕೋಳಿ ಕೂಗುವ ಮೊದಲೇ ಎದ್ದು, ಒಂದರ ಮೇಲೊಂದರಂತೆ ಇಪ್ಪತ್ತು ಸಲ ಸೀನಿ, ಕಣ್ಣು ಮೂಗುಗಳಿಂದ ನೀರು ಸುರಿಸುತ್ತ ಕುಳಿತಿರುವ ಬಡಪಾಯಿಯ ಪಾಲಿಗೆ ಯಾವ ಶಕುನಶಾಸ್ತ್ರದಲ್ಲಿಯೂ ಒಂದು ಅಧ್ಯಾಯವಿಲ್ಲ. ಅವನಿಗೆ ದೊರೆಯುವುದು ನೆರೆಹೊರೆಯವರ ಉಪದೇಶ ಮಾತ್ರ. ಅದಂತೂ ಧಾರಾಳವಾಗಿ ದೊರೆಯುತ್ತದೆ.

ಇಂತಹ ಬಡಪಾಯಿಗಳಿಗೆ ಕೋಲಾರ ಚಿನ್ನದ ಗಣಿಯ ಪ್ರದೇಶದಲ್ಲಿ ಬರವಿಲ್ಲ. ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ೧೮೯೪ರಲ್ಲಿ ಹಾಕಿದ ಕವಲು ರೈಲುದಾರಿ ಇಂದಿಗೂ ನಡೆಯುತ್ತಿದೆ. ಕೋರಮಂಡಲ್, ಊರಿಗಾಂ, ಚಾಂಪಿಯನ್ ಎಂದು ನಿಲ್ದಾಣಗಳ ಹೆಸರನ್ನು ಎಣಿಸುತ್ತ ಬೆಳಗಿನ ಗಾಡಿಯಲ್ಲಿ ಕುಳಿತರೆ, ಬೆಂಗಳೂರಿನ ಕಚೇರಿಗಳಿಗೆ ಹೊರಟವರ ಕರವಸ್ತ್ರಗಳೆಲ್ಲ ಮೂಗಿನ ಮೇಲೆಯೇ ಇರುವುದನ್ನು ಕಾಣಬಹುದು. ಒಬ್ಬರು ಮಂಜನ್ನು ದೂರುತ್ತಾರೆ. ಇನ್ನೊಬ್ಬರು ನೀರು ಬದಲಾದುದನ್ನು ದೂರುತ್ತಾರೆ. ಹಿರಿಯರು ಮಾತ್ರ ಕಿಟಕಿಯ ಹೊರಗೆ ಬೂದು ಬಣ್ಣದ ಗುಡ್ಡಗಳ ಕಡೆಗೆ ಕೈ ತೋರಿಸಿ ಸುಮ್ಮನಾಗುತ್ತಾರೆ.

ಬಂಗಾರಪೇಟೆಯಲ್ಲಿ ಹುಟ್ಟಿ ಬೆಳೆದು ರಾಬರ್ಟ್‌ಸನ್‌ಪೇಟೆಗೆ ಸೊಸೆಯಾಗಿ ಬಂದ ಗೃಹಿಣಿಯೊಬ್ಬಳ ಮನೆಯಲ್ಲಿ ಐವರು. ಐವರಲ್ಲಿ ನಾಲ್ವರಿಗೆ ಮೂಗಿನದೋ ಎದೆಯದೋ ತೊಂದರೆ. ಗಂಡ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವ ನೌಕರ. ಮಗ ಎಂಟು ವರ್ಷದವನು. ಅತ್ತೆ ಮನೆಯ ಧನ್ವಂತರಿ. ಮಾವ ಚಾಂಪಿಯನ್ ರೀಫ್ ಗಣಿಯ ಆಳದಲ್ಲಿ ಮೂವತ್ತು ವರ್ಷ ದುಡಿದು, ೨೦೦೧ರ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದಾಗ ಮನೆ ಸೇರಿದವರು. ಈ ನಾಲ್ವರ ಕಾಯಿಲೆಗೂ ಆ ಮನೆಯಲ್ಲಿ ಇದ್ದುದು ಒಂದೇ ಹೆಸರು, ಶೀತ. ಒಂದೇ ಮದ್ದು, ಅತ್ತೆಯವರ ಕಷಾಯ.

ಕಷಾಯವೇನೂ ಸಾಮಾನ್ಯದ್ದಲ್ಲ. ಹಿತ್ತಿಲ ಬೇಲಿಯಲ್ಲಿ ಬೆಳೆದ ಆಡುಸೋಗೆಯ ಎಲೆ ನಾಲ್ಕು, ತುಳಸಿ ಒಂದು ಹಿಡಿ, ಜಜ್ಜಿದ ಶುಂಠಿ, ಹತ್ತು ಕಾಳು ಮೆಣಸು, ಒಂದು ಚೂರು ಹಿಪ್ಪಲಿ. ಇವನ್ನು ನಾಲ್ಕು ಲೋಟ ನೀರಿನಲ್ಲಿ ಹಾಕಿ, ಒಂದು ಲೋಟಕ್ಕೆ ಇಳಿಯುವವರೆಗೆ ಕುದಿಸಿ, ಬೆಲ್ಲ ಬೆರೆಸಿ ಕೊಡುವುದು. ಗಣಿಯ ಊರಿನಲ್ಲಿ ನಾಲ್ಕು ಭಾಷೆಯ ಜನ ಒಂದೇ ನಲ್ಲಿಯ ಮುಂದೆ ನಿಂತು ನೀರು ಹಿಡಿದವರಲ್ಲವೆ? ಆದುದರಿಂದ ಒಂದೇ ಗಿಡಕ್ಕೆ ಮೂರು ಹೆಸರು. ನಮ್ಮ ಆಡುಸೋಗೆಯನ್ನು ಪಕ್ಕದ ಮನೆಯ ತಮಿಳಮ್ಮ ಆಡಾತೊಡೈ ಎನ್ನುತ್ತಾರೆ, ಎದುರುಮನೆಯ ತೆಲುಗಮ್ಮ ಅಡ್ಡಸರಂ ಎನ್ನುತ್ತಾರೆ. ದೊಡ್ಡಪತ್ರೆ ಒಬ್ಬರಿಗೆ ಕರ್ಪೂರವಳ್ಳಿ, ಇನ್ನೊಬ್ಬರಿಗೆ ವಾಮಾಕು. ಹೆಸರು ಬೇರೆಯಾದರೂ ನಂಬಿಕೆ ಒಂದೇ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಗೆ ಅಪವಾದವಾಗಿ ನಿಂತ ಈ ಕಹಿ ಸೊಪ್ಪು ಮನುಷ್ಯನ ಎದೆಗೆ ಹಿತವೆಂದು ಮೂವರೂ ಒಪ್ಪುತ್ತಾರೆ.

ಆ ನಂಬಿಕೆ ಪೊಳ್ಳೂ ಅಲ್ಲ. ಆಡುಸೋಗೆಯ ಎಲೆಯಲ್ಲಿ ವಾಸಿಸಿನ್ ಎಂಬ ಕ್ಷಾರವಸ್ತುವಿದೆ. ಇಂದು ಔಷಧದಂಗಡಿಗಳಲ್ಲಿ ದೊರೆಯುವ ಬ್ರಾಮ್‌ಹೆಕ್ಸಿನ್ ಎಂಬ ಕೆಮ್ಮಿನ ಮದ್ದನ್ನು ರಸಾಯನಶಾಸ್ತ್ರಜ್ಞರು ರೂಪಿಸಿದ್ದು ಇದೇ ವಸ್ತುವಿನ ಮಾದರಿಯಿಂದ. ಗಟ್ಟಿಯಾದ ಕಫವನ್ನು ತೆಳುಮಾಡಿ ಹೊರಗೆ ತರುವುದು ಅದರ ಕೆಲಸ. ಆದರೆ ಕಫವನ್ನು ತೆಳುಮಾಡುವುದು ಬೇರೆ, ಕಫ ಹುಟ್ಟಲು ಇರುವ ಕಾರಣವನ್ನು ತೆಗೆಯುವುದು ಬೇರೆ. ಅತ್ತೆಯವರಿಗೂ ಸೊಸೆಗೂ ಮನಸ್ತಾಪ ಹುಟ್ಟಿದ್ದು ಈ ಬಿರುಕಿನಲ್ಲಿಯೇ.

ಒಂದು ಆಷಾಢದ ರಾತ್ರಿ ಹುಡುಗನ ಎದೆಯಲ್ಲಿ ಸುಯ್ ಸುಯ್ ಎಂಬ ಸದ್ದು ಎದ್ದಿತು. ಕಷಾಯ ಎರಡು ಸಲ ಆಯಿತು. ಎದೆಗೆ ನೀಲಗಿರಿ ಎಣ್ಣೆಯೂ ಆಯಿತು. ಬೆಳಗಾಗುವ ಹೊತ್ತಿಗೆ ಹುಡುಗನ ಪಕ್ಕೆಲುಬುಗಳ ನಡುವಿನ ಚರ್ಮ ಉಸಿರಿಗೊಮ್ಮೆ ಒಳಕ್ಕೆ ಸೇದಿಕೊಳ್ಳುತ್ತಿತ್ತು. ಸೊಸೆ ಆಟೋ ಹಿಡಿದು ವೈದ್ಯರಲ್ಲಿಗೆ ಓಡಿದಳು. ಅವರು ಉಸಿರಿನೊಳಗೆ ಎಳೆದುಕೊಳ್ಳುವ ಮದ್ದು ಕೊಟ್ಟರು. ಅರ್ಧ ಗಂಟೆಯಲ್ಲಿ ಹುಡುಗ ನಿದ್ದೆ ಹೋದ. ಮನೆಗೆ ಇನ್ಹೇಲರ್ ಬಂದಿತು. ಅದನ್ನು ಕಂಡ ಅತ್ತೆ, "ಎಳೆಯ ಮಗುವಿಗೆ ಈಗಲೇ ಯಂತ್ರ ಹಿಡಿಸಿದೆಯೇನಮ್ಮ? ಒಮ್ಮೆ ಹಿಡಿದರೆ ಸಾಯುವ ತನಕ ಬಿಡುವುದಿಲ್ಲವಂತೆ!" ಎಂದರು. ಸೊಸೆ, "ಬಿಡದಿರುವುದು ಯಂತ್ರವಲ್ಲ ಅತ್ತೆ, ಕಾಯಿಲೆ" ಎಂದಳು. ಆ ವಾರವೆಲ್ಲ ಅಡಿಗೆಮನೆಯಲ್ಲಿ ಪಾತ್ರೆಗಳ ಸದ್ದು ಸ್ವಲ್ಪ ಜೋರಾಗಿಯೇ ಕೇಳಿಸಿತು.

ಆದರೆ ವೈದ್ಯರು ಕೇಳಿದ ಒಂದು ಪ್ರಶ್ನೆ ಸೊಸೆಯ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. "ಯಾವ ತಿಂಗಳಲ್ಲಿ ಹೆಚ್ಚು? ಬೆಳಿಗ್ಗೆಯೋ, ರಾತ್ರಿಯೋ? ಮನೆಯೊಳಗೋ, ಹೊರಗೋ?" ಆಕೆ ಉತ್ತರ ಹೇಳಲಾರದೆ ಹೋದಳು. ಹಾಲಿನವನಿಗೆ ಎಷ್ಟು ಕೊಡಬೇಕೆಂಬುದು ಅವಳಿಗೆ ಗೊತ್ತು. ಮಗ ಎಷ್ಟು ರಾತ್ರಿ ಕೆಮ್ಮಿದನೆಂಬುದು ಗೊತ್ತಿಲ್ಲ! ಅಂದಿನಿಂದ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲಿಯೇ ಇನ್ನೊಂದು ಲೆಕ್ಕ ಆರಂಭವಾಯಿತು. ಗಂಡನಿಗೆ ಒಂದು ಚುಕ್ಕೆ, ಮಗನಿಗೆ ಒಂದು ಗೀಟು, ಅತ್ತೆಗೆ ಒಂದು ಸೊನ್ನೆ, ಮಾವನಿಗೆ ಒಂದು ಕತ್ತರಿ ಗುರುತು. ಯಾರು ಯಾವ ದಿನ ಸೀನಿದರೋ, ಕೆಮ್ಮಿದರೋ, ಅವರ ಗುರುತು ಆ ದಿನದ ಮನೆಯಲ್ಲಿ ಬೀಳುತ್ತಿತ್ತು. ಹನ್ನೆರಡು ತಿಂಗಳು ತುಂಬಿದ ಮೇಲೆ ಆ ಹಾಳೆಗಳನ್ನು ನೆಲದ ಮೇಲೆ ಹರಡಿ ನೋಡಿದಾಗ, ಒಂದೇ ಶೀತವೆಂದು ತಿಳಿದುಕೊಂಡಿದ್ದುದು ನಾಲ್ಕು ಬೇರೆ ಬೇರೆ ಕಾಯಿಲೆಗಳೆಂದು ಕಂಡುಬಂದಿತು.

ಗಂಡನ ಚುಕ್ಕೆಗಳು ಭಾದ್ರಪದದಿಂದ ಕಾರ್ತಿಕದವರೆಗೆ ಇರುವೆಯ ಸಾಲಿನಂತೆ ಕಿಕ್ಕಿರಿದಿದ್ದವು. ಅದೂ ರೈಲು ಹಿಡಿಯುವ ದಿನಗಳಲ್ಲಿಯೇ ಹೆಚ್ಚು. ಕಾರಣ ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಮಳೆ ಬಿದ್ದ ಮೇಲೆ ರೈಲುದಾರಿಯ ಎರಡು ಬದಿಗೂ, ಖಾಲಿ ನಿವೇಶನಗಳಲ್ಲಿಯೂ ಎದೆಯೆತ್ತರ ಬೆಳೆದು ಬಿಳಿಯ ಹೂ ಬಿಡುವ ಕಾಂಗ್ರೆಸ್ ಗಿಡವನ್ನು ಕಾಣದವರಾರು? ಪಾರ್ಥೇನಿಯಂ ಎಂಬ ಈ ಅಮೆರಿಕದ ಕಳೆ ಭಾರತದಲ್ಲಿ ಮೊದಲು ಕಣ್ಣಿಗೆ ಬಿದ್ದುದು ಪುಣೆಯಲ್ಲಿ, ೧೯೫೦ರ ದಶಕದ ನಡುವಿನಲ್ಲಿ. ಎರಡು ದಶಕ ಕಳೆಯುವುದರೊಳಗೆ ಅದು ಕರ್ನಾಟಕವನ್ನು ವ್ಯಾಪಿಸಿತು. ಒಂದೊಂದು ಗಿಡವೂ ಸಾವಿರಾರು ಬೀಜಗಳನ್ನು ಚೆಲ್ಲುತ್ತದೆ. ಅದನ್ನು ತಿನ್ನುವ ಮೆಕ್ಸಿಕೋದ ದುಂಬಿಯೊಂದನ್ನು ತರಿಸಿ ೧೯೮೪ರಲ್ಲಿ ಬೆಂಗಳೂರಿನ ಸುತ್ತ ಬಿಟ್ಟರು; ದುಂಬಿ ತನ್ನ ಕೆಲಸವನ್ನು ಮಾಡುತ್ತಿದ್ದರೂ ಗಿಡ ಇನ್ನೂ ಸೋತಿಲ್ಲ. ಬೆಂಗಳೂರಿನಲ್ಲಿ ನಡೆದು ೧೯೯೧ರಲ್ಲಿ ಪ್ರಕಟವಾದ ಅಧ್ಯಯನವೊಂದು, ಪರೀಕ್ಷಿಸಿದವರಲ್ಲಿ ನೂರಕ್ಕೆ ಏಳು ಮಂದಿಯ ಮೂಗಿನ ಕಾಟಕ್ಕೆ ಈ ಗಿಡದ ಪರಾಗವೇ ಕಾರಣವೆಂದು ಹೇಳಿತು.

ಪರಾಗದಂತಹ ನಿರುಪದ್ರವಿ ಹುಡಿ ಮನುಷ್ಯನನ್ನು ಇಷ್ಟು ಗೋಳಾಡಿಸುವುದೇಕೆ? ಇಂಗ್ಲೆಂಡಿನ ಜಾನ್ ಬಾಸ್ಟಾಕ್ ಎಂಬ ವೈದ್ಯ ೧೮೧೯ರಲ್ಲಿ ತನ್ನ ಸ್ವಂತ ಕಣ್ಣು ಮೂಗುಗಳ ಸಂಕಟವನ್ನೇ ವರ್ಣಿಸಿ, ಬೇಸಗೆ ಬಂದಾಗಲೆಲ್ಲ ಮರುಕಳಿಸುವ ಈ ವ್ಯಾಧಿಯತ್ತ ವೈದ್ಯಲೋಕದ ಗಮನವನ್ನು ಸೆಳೆದನು. ೧೮೭೩ರಲ್ಲಿ ಚಾರ್ಲ್ಸ್ ಬ್ಲಾಕ್ಲಿ ತನ್ನ ಮೇಲೆಯೇ ಪ್ರಯೋಗ ನಡೆಸಿ, ಅಪರಾಧಿ ಹುಲ್ಲಿನ ಪರಾಗವೆಂದು ತೋರಿಸಿದನು. ವಿಯೆನ್ನಾದ ಕ್ಲೆಮೆನ್ಸ್ ಫಾನ್ ಪಿರ್ಕೆ ೧೯೦೬ರಲ್ಲಿ ಇದಕ್ಕೆ 'ಅಲರ್ಜಿ' ಎಂದು ಹೆಸರಿಟ್ಟನು. ಕಾವಲುಗಾರ ಕಳ್ಳನನ್ನು ಹಿಡಿಯುವುದರ ಬದಲು ಮನೆಗೆ ಬಂದ ನೆಂಟನ ಮೇಲೆ ಬಿದ್ದು ರಂಪ ಮಾಡಿದರೆ ಹೇಗೋ ಹಾಗೆ, ದೇಹದ ರಕ್ಷಣಾವ್ಯವಸ್ಥೆ ಪರಾಗವನ್ನು ಶತ್ರುವೆಂದು ಭ್ರಮಿಸುತ್ತದೆ. ಆಗ ಮೂಗಿನ ಒಳಪೊರೆಯ ಜೀವಕೋಶಗಳು ಹಿಸ್ಟಮಿನ್ ಎಂಬ ವಸ್ತುವನ್ನು ಸುರಿಸುತ್ತವೆ; ತುರಿಕೆ, ನೀರು, ಸೀನು ಎಲ್ಲವೂ ಅದರ ಪರಿಣಾಮ. ಆ ಹಿಸ್ಟಮಿನ್ನಿಗೆ ಪ್ರತಿಯಾದ ಮದ್ದಿನ ದಾರಿಯನ್ನು ತೋರಿದ ಡೇನಿಯಲ್ ಬೊವೆಯವರಿಗೆ ೧೯೫೭ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಗಂಡನ ಮಟ್ಟಿಗೆ ಮಾತ್ರೆಗಿಂತಲೂ ಮೊದಲು ಫಲ ಕೊಟ್ಟದ್ದು ಉಪ್ಪುನೀರು. ಕುದಿಸಿ ಆರಿಸಿದ ಒಂದು ಲೋಟ ನೀರಿಗೆ ಅರ್ಧ ಟೀ ಚಮಚ ಉಪ್ಪು. ಸಂಜೆ ಮನೆಗೆ ಬಂದೊಡನೆ ಅದರಿಂದ ಎರಡು ಹೊಳ್ಳೆಗಳನ್ನೂ ತೊಳೆಯುವುದು. ನಮ್ಮ ಯೋಗಿಗಳು ಇದನ್ನೇ ಜಲನೇತಿ ಎಂದು ಕರೆದರು. ನೀರನ್ನು ಕುದಿಸಲೇಬೇಕು, ನಲ್ಲಿಯ ಹಸಿನೀರಿನಲ್ಲಿರುವ ಸೂಕ್ಷ್ಮಜೀವಿ ಮೂಗಿನ ಮೂಲಕ ಮಿದುಳಿಗೇರಿ ಪ್ರಾಣ ತೆಗೆದ ಪ್ರಸಂಗಗಳುಂಟು. ಇದರ ಜೊತೆಗೆ ಹೊರಗಿನ ಬಟ್ಟೆಯನ್ನು ಬಾಗಿಲ ಬಳಿಯೇ ಕಳಚಿ ತಲೆಯ ಮೇಲೆ ನೀರು ಹಾಕಿಕೊಳ್ಳುವ ನಿಯಮ. ಅತ್ತೆಯವರ ಕಾಲದ ಮಡಿಯಲ್ಲಿ ಪರಾಗವೂ ತೊಳೆದುಹೋಗುತ್ತಿತ್ತೆಂಬುದು ಅವರಿಗೇ ತಿಳಿದಿರಲಿಲ್ಲ! ಬೀದಿಯ ಹುಡುಗರು ಸೇರಿ ಮನೆಯ ಸುತ್ತಲಿನ ಕಾಂಗ್ರೆಸ್ ಗಿಡಗಳನ್ನು ಹೂ ಬಿಡುವ ಮೊದಲೇ ಕಿತ್ತರು. ಬರಿಗೈಯಲ್ಲಿ ಕಿತ್ತರೆ ಚರ್ಮಕ್ಕೂ ಅಂಟುವ ಪೀಡೆಯಾದುದರಿಂದ ಕೈಗೆ ಚೀಲ ಕಟ್ಟಿಕೊಂಡು ಕಿತ್ತರು. ಮುಂದಿನ ಕಾರ್ತಿಕದಲ್ಲಿ ಚುಕ್ಕೆಗಳು ಮಾಯವಾಗಲಿಲ್ಲ. ಆದರೆ ಸಾಲು ವಿರಳವಾಯಿತು.

ಅತ್ತೆಯವರ ಸೊನ್ನೆಗಳು ತೋರಿಸಿದ ಸತ್ಯ ಮನೆಯನ್ನೆಲ್ಲ ನಗಿಸಿತು. ಅವು ಬಿದ್ದುದು ಮಂಗಳವಾರ ಮತ್ತು ಶುಕ್ರವಾರಗಳಲ್ಲಿ ಮಾತ್ರ. ಆ ಎರಡು ಸಂಜೆಗಳಲ್ಲಿ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಮೂಲೆಮೂಲೆಗೂ ಹೊಗೆ ತೋರಿಸುವುದು ಅವರ ಪದ್ಧತಿ. ದೇವರ ಹೊಗೆ ಕೆಡುಕು ಮಾಡೀತೆ ಎಂದು ಅವರು ಮೊದಲು ಒಪ್ಪಲಿಲ್ಲ. ಸೊಸೆ ವಾದ ಮಾಡದೆ, ಧೂಪವನ್ನು ಅಂಗಳದ ತುಳಸೀಕಟ್ಟೆಗೆ ವರ್ಗಾಯಿಸೋಣವೆಂದು ಮಾತ್ರ ಸೂಚಿಸಿದಳು. ದೇವರಿಗೆ ಅಭ್ಯಂತರವಿದ್ದಂತೆ ಕಾಣಲಿಲ್ಲ. ಅತ್ತೆಯ ಮೂಗೂ ಶಾಂತವಾಯಿತು. ಸೊಳ್ಳೆಬತ್ತಿಯ ಹೊಗೆಯೂ ಇದೇ ಜಾತಿಗೆ ಸೇರಿದ್ದು. ಆ ಮನೆಯಲ್ಲಿ ಅದರ ಜಾಗಕ್ಕೆ ಸೊಳ್ಳೆಪರದೆ ಬಂದಿತು.

ಮಗನ ಗೀಟುಗಳು ಎರಡು ಗುಂಪಾಗಿ ನಿಂತಿದ್ದವು. ಪುಷ್ಯ ಮಾಘಗಳ ಚಳಿಯಲ್ಲಿ ಒಂದು ಗುಂಪು. ಆಷಾಢ ಶ್ರಾವಣಗಳ ಗಾಳಿಯಲ್ಲಿ ಇನ್ನೊಂದು. ಚಳಿಗಾಲದ ಗುಂಪಿನ ಮೂಲ ಹಾಸಿಗೆಯಲ್ಲಿತ್ತು. ಅಟ್ಟದಿಂದ ಇಳಿಸಿದ ಹಳೆಯ ಕಂಬಳಿ, ಬೂರುಗದ ಹತ್ತಿಯ ದಿಂಬು, ಇವುಗಳ ಧೂಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳು ವಾಸವಾಗಿರುತ್ತವೆ. ಅವುಗಳ ಮಲವೇ ಎಷ್ಟೋ ಮಕ್ಕಳಿಗೆ ಒಗ್ಗದ ವಸ್ತು. ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಸುಡುಬಿಸಿಲಿಗೆ ಹಾಕುವುದು, ಪೊರಕೆಯಿಂದ ಧೂಳೆಬ್ಬಿಸುವ ಬದಲು ಒದ್ದೆ ಬಟ್ಟೆಯಿಂದ ನೆಲ ಒರೆಸುವುದು, ಮಂಚದ ಕೆಳಗಿನ ಗಂಟುಮೂಟೆಗಳನ್ನು ತೆಗೆಯುವುದು, ಇಷ್ಟರಿಂದ ಗೀಟುಗಳು ಅರ್ಧಕ್ಕಿಳಿದವು.

ಆಷಾಢದ ಗುಂಪಿನ ಕಥೆ ಬೇರೆ. ಅದಕ್ಕೆ ಕಾರಣ ಮನೆಯೊಳಗಿರಲಿಲ್ಲ. ಊರಿನ ನಡುವೆಯೇ ಎದ್ದು ನಿಂತಿತ್ತು. ಜಾನ್ ಟೇಲರ್ ಕಂಪನಿ ೧೮೮೦ರಲ್ಲಿ ಇಲ್ಲಿಗೆ ಕಾಲಿಟ್ಟಂದಿನಿಂದ ಒಂದು ಶತಮಾನಕ್ಕೂ ಮೀರಿ, ಭೂಮಿಯ ಆಳದಿಂದ ಬೆಣಚುಕಲ್ಲನ್ನು ಎತ್ತಿ, ಹಿಟ್ಟಿನಂತೆ ಅರೆದು, ಸೈನೈಡಿನ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದುಕೊಂಡರು. ಚಿನ್ನ ಹೊರಟುಹೋಯಿತು; ಹಿಟ್ಟು ಉಳಿಯಿತು. ಹೀಗೆ ಉಳಿದ ಹದಿಮೂರು ಗುಡ್ಡಗಳಲ್ಲಿ ಸುಮಾರು ೩ ಕೋಟಿ ೩೦ ಲಕ್ಷ ಟನ್ ಹುಡಿಯಿದೆಯೆಂದು ಲೆಕ್ಕ. ಜನ ಇವನ್ನು ಸೈನೈಡ್ ಗುಡ್ಡಗಳೆನ್ನುತ್ತಾರೆ. ಸಿನಿಮಾದವರು ಇಲ್ಲಿ ಹಾಡು, ಹೊಡೆದಾಟಗಳ ಚಿತ್ರ ತೆಗೆಯುತ್ತಾರೆ. ಪರದೆಯ ಮೇಲೆ ಮರುಭೂಮಿಯಂತೆ ಮನೋಹರವಾಗಿ ಕಾಣುತ್ತದೆ. ಆದರೆ ನೈಋತ್ಯದ ಗಾಳಿ ಬೀಸತೊಡಗಿದಾಗ ಆ ಮನೋಹರ ದೃಶ್ಯ ಮೇಲೆದ್ದು ಬಂದು ಅನ್ನದ ತಟ್ಟೆಯ ಮೇಲೆ ಕೂರುತ್ತದೆ. ಗಣಿಯ ನಾಡಿಗೆ ಆ ತಿಂಗಳುಗಳಲ್ಲಿ ಮಳೆಗಿಂತ ಗಾಳಿಯೇ ಹೆಚ್ಚು. ಒಳ್ಳೆಯ ಮಳೆ ಬರುವುದು ಭಾದ್ರಪದ, ಆಶ್ವಯುಜಗಳಲ್ಲಿ.

ಸೈನೈಡ್ ಎಂಬ ಹೆಸರಿಗೇ ಹೆದರುವವರುಂಟು. ಬಿಸಿಲು ಗಾಳಿಗಳಿಗೆ ಸಿಕ್ಕಿದ ಸೈನೈಡ್ ಕಾಲಕ್ರಮದಲ್ಲಿ ಬಹುಮಟ್ಟಿಗೆ ಒಡೆದುಹೋಗುತ್ತದೆ; ಬೆಣಚುಕಲ್ಲಿನ ಹುಡಿ ಒಡೆದುಹೋಗುವುದಿಲ್ಲ. ಉಸಿರಿಗೆ ಭಯ ಅದರಿಂದಲೇ. ಇದು ಅಲರ್ಜಿಯೂ ಅಲ್ಲ. ಪರಾಗ ಕೆಲವರಿಗೆ ಮಾತ್ರ ಒಗ್ಗದು. ಕಲ್ಲಿನ ಹುಡಿ ಯಾರಿಗೂ ಒಗ್ಗದು. ಮೊದಲೇ ಸೂಕ್ಷ್ಮವಾದ ಹುಡುಗನ ಶ್ವಾಸನಾಳ ಅದರ ಸ್ಪರ್ಶಕ್ಕೆ ಮುದುಡಿಕೊಳ್ಳುತ್ತದೆ. ಆದುದರಿಂದ ಕಷಾಯ ಎಷ್ಟು ಕುಡಿಸಿದರೂ ಗಾಳಿ ಬೀಸುವ ದಿನ ಹುಡುಗನನ್ನು ಮೈದಾನಕ್ಕೆ ಬಿಟ್ಟರೆ ಫಲವಿಲ್ಲ. ಆ ತಿಂಗಳುಗಳಲ್ಲಿ ಪಡುವಣ ಕಿಟಕಿಗಳಿಗೆ ಒದ್ದೆ ಪರದೆ, ಹೊರಗೆ ಹೋಗುವಾಗ ಮುಖಗವಸು, ಬಟ್ಟೆ ಒಣಗಿಸುವುದು ಒಳಗಿನ ಹಜಾರದಲ್ಲಿ, ಆಟ ಗಾಳಿ ಇಳಿದ ಮುಂಜಾನೆಯಲ್ಲಿ, ವೈದ್ಯರು ಹೇಳಿದ ಇನ್ಹೇಲರ್ ತಪ್ಪದೆ ಎರಡು ಹೊತ್ತು; ಈ ವ್ಯವಸ್ಥೆ ಏರ್ಪಟ್ಟಿತು. ಇನ್ಹೇಲರಿನ ಮದ್ದು ನೇರವಾಗಿ ಶ್ವಾಸನಾಳಕ್ಕೇ ತಲುಪುವುದರಿಂದ ಅದರ ಪ್ರಮಾಣ ಮಾತ್ರೆಗಿಂತ ಎಷ್ಟೋ ಕಡಿಮೆಯೆಂದು ವೈದ್ಯರು ವಿವರಿಸಿದ ಮೇಲೆ ಅತ್ತೆಯ ಭಯ ಇಳಿಯಿತು. ಸಂಜೆಯ ಕಷಾಯವನ್ನು ಸೊಸೆ ನಿಲ್ಲಿಸಲಿಲ್ಲ. ಬಿಸಿಯಾದ ಪಾನೀಯ ಗಂಟಲಿಗೆ ಹಿತ. ಅದಕ್ಕಿಂತಲೂ, ಅಜ್ಜಿಯ ಕೈಯ ಲೋಟ ಮಗುವಿನ ಮನಸ್ಸಿಗೆ ಹಿತ.

ಪಥ್ಯದ ವಿಷಯದಲ್ಲಿ ಕ್ಯಾಲೆಂಡರು ಅತ್ತೆಯ ಪಕ್ಷವನ್ನೂ ಹಿಡಿಯಲಿಲ್ಲ, ಸೊಸೆಯ ಪಕ್ಷವನ್ನೂ ಹಿಡಿಯಲಿಲ್ಲ. ಬಾಳೆಹಣ್ಣು, ಸೀಬೆ, ಮೊಸರು, ಸೌತೆಕಾಯಿ ಎಲ್ಲವೂ ಶೀತವೆಂದು ಹುಡುಗನಿಗೆ ನಿಷೇಧವಾಗಿದ್ದವು; ಅವನು ಕಡ್ಡಿಯಾಗಿದ್ದ. ಬಾಳೆಹಣ್ಣು ತಿಂದ ದಿನಗಳಿಗೂ ಗೀಟುಗಳಿಗೂ ಯಾವ ನಂಟೂ ಕಾಣಲಿಲ್ಲವಾದುದರಿಂದ ನಿಷೇಧ ಬಿದ್ದುಹೋಯಿತು. ಬಂಗಾರಪೇಟೆಯ ಪಾನಿಪುರಿಯ ವಿಚಾರಣೆಯೂ ನಡೆಯಿತು. ತಿಳಿನೀರಿನಂತೆ ಕಾಣುವ ಅಲ್ಲಿನ ಪಾನಿಯನ್ನು ಕುಡಿದೊಡನೆ ಮೂಗು ಸೋರುವುದು ನಿಜ. ಆದರೆ ಅದು ಖಾರದ ಪ್ರತಾಪವೇ ಹೊರತು ಅಲರ್ಜಿಯಲ್ಲ, ತಟ್ಟೆ ಖಾಲಿಯಾದ ಸ್ವಲ್ಪ ಹೊತ್ತಿನಲ್ಲಿಯೇ ನಿಲ್ಲುತ್ತದೆ. ಸೊಸೆಯ ತವರೂರಿನ ಮಾನ ಉಳಿಯಿತು. ಉಳಿದಂತೆ ರಾತ್ರಿ ಬಿಸಿ ಮುದ್ದೆ, ಹುರುಳಿ ಸಾರು, ಮೆಣಸಿನ ಸಾರು. ಇವು ಅಲರ್ಜಿಯನ್ನು ಕೀಳುವುದಿಲ್ಲ. ಆದರೆ ಹೊಟ್ಟೆ ತುಂಬಿಸಿ, ಬಲ ಕೊಟ್ಟು, ಎದೆಯನ್ನು ಬೆಚ್ಚಗಿಡುತ್ತವೆ.

ನಮ್ಮ ಪ್ರಾಚೀನ ವೈದ್ಯರು ಋತುಚರ್ಯೆಗೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟರು. ಚಳಿಗಾಲದಲ್ಲಿ ಕೂಡಿಕೊಂಡ ಕಫ ವಸಂತದ ಬಿಸಿಲಿಗೆ ಕರಗಿ ವ್ಯಾಧಿಗಳನ್ನು ತರುವುದೆಂದು ಚರಕಸಂಹಿತೆ ಹೇಳುತ್ತದೆ. ಒಂದು ಋತುವಿನ ಕೊನೆಯ ವಾರವನ್ನೂ ಮುಂದಿನದರ ಮೊದಲ ವಾರವನ್ನೂ ವಾಗ್ಭಟ ಋತುಸಂಧಿಯೆಂದು ಕರೆದು, ಹಳೆಯ ಪದ್ಧತಿಯನ್ನು ಮೆಲ್ಲನೆ ಬಿಡಬೇಕು, ಹೊಸದನ್ನು ಮೆಲ್ಲನೆ ಹಿಡಿಯಬೇಕೆಂದು ವಿಧಿಸುತ್ತಾನೆ. ಅವರ ಕಫದ ಸಿದ್ಧಾಂತವನ್ನು ಇಂದಿನ ವಿಜ್ಞಾನ ಒಪ್ಪಲಿ, ಬಿಡಲಿ. ಕಾಯಿಲೆಯನ್ನು ನೋಡುವ ಮೊದಲು ಕಾಲವನ್ನು ನೋಡು ಎಂಬ ಅವರ ಮಾತಿಗೆ ಹಾಲಿನ ಕ್ಯಾಲೆಂಡರು ಸಾಕ್ಷಿಯಾಯಿತು.

ಆ ಸಾಕ್ಷಿಯ ಬೆಲೆ ತಿಳಿದದ್ದು ನಾಲ್ಕನೆಯ ಗುರುತಿನಲ್ಲಿ. ಮಾವನವರ ಕತ್ತರಿ ಗುರುತುಗಳಿಗೆ ಋತುವೇ ಇರಲಿಲ್ಲ. ಚೈತ್ರದಲ್ಲಿಯೂ ಅಷ್ಟೇ, ಆಷಾಢದಲ್ಲಿಯೂ ಅಷ್ಟೇ, ಮಾಘದಲ್ಲಿಯೂ ಅಷ್ಟೇ. ಹಬ್ಬವೆನ್ನದೆ, ಅಮಾವಾಸ್ಯೆಯೆನ್ನದೆ ಪ್ರತಿದಿನವೂ ಒಂದು ಕತ್ತರಿ. ಅವರಿಗೆ ಸೀನಿಲ್ಲ, ಕಣ್ಣಿನಲ್ಲಿ ತುರಿಕೆಯಿಲ್ಲ. ಒಣಕೆಮ್ಮು, ಮಾರುಕಟ್ಟೆಯ ಏರು ಹತ್ತುವಾಗ ಎರಡು ಕಡೆ ನಿಂತು ಸುಧಾರಿಸಿಕೊಳ್ಳುವ ಆಯಾಸ, ಇಷ್ಟೇ. ಹದಿನೈದು ವರ್ಷಗಳಿಂದ ಅವರು ಹೆಂಡತಿಯ ಕಷಾಯವನ್ನು ಕುಡಿಯುತ್ತಿದ್ದರು. "ಗಣಿ ಇಳಿದವರಿಗೆಲ್ಲ ಇದು ಇದ್ದದ್ದೇ, ವಯಸ್ಸಿನ ಕೆಮ್ಮು" ಎನ್ನುತ್ತಿದ್ದರು. ಹಾಳೆಗಳ ಮುಂದೆ ಕುಳಿತ ಸೊಸೆಗೆ ಆ ಸಂಜೆ ಹೊಳೆದ ಮಾತು ಸರಳವಾದದ್ದು: ಋತುವಿನ ಕಾಯಿಲೆಯಾದರೆ ಋತುವಿನೊಂದಿಗೆ ಹೋಗಬೇಕು, ಇದು ಹೋಗಲೇ ಇಲ್ಲವಲ್ಲ!

"ಮಾವ, ನಾಳೆ ಒಂದು ಎಕ್ಸ್‌ರೇ ತೆಗೆಸಿಕೊಂಡು ಬರೋಣ" ಎಂದಳು. ಅವರು ನಕ್ಕುಬಿಟ್ಟರು. ಅತ್ತೆ ಈ ಸಲ ಸೊಸೆಯ ಕಡೆಗೆ ನಿಂತರು.

ಎಕ್ಸ್‌ರೇಯಲ್ಲಿ ಕಂಡದ್ದು ಶ್ವಾಸಕೋಶದ ಮೇಲ್ಭಾಗದಲ್ಲೆಲ್ಲ ಚೆಲ್ಲಿದ ಸಣ್ಣ ಸಣ್ಣ ಗಂಟುಗಳು. ಭೂಮಿಯ ಕೆಳಗೆ ಬೆಣಚುಕಲ್ಲನ್ನು ಕೊರೆಯುವಾಗ ಎದ್ದ ಹುಡಿ ಮೂವತ್ತು ವರ್ಷ ಅಲ್ಲಿ ಹೋಗಿ ಕುಳಿತು, ಸುತ್ತಲೂ ಗಾಯದ ಕಲೆಗಳನ್ನು ಕಟ್ಟಿತ್ತು. ವೈದ್ಯರು ಇದಕ್ಕೆ ಸಿಲಿಕೋಸಿಸ್ ಎನ್ನುತ್ತಾರೆ. ಕೋಲಾರದ ಗಣಿಗಳಿಗೆ ಇದು ಹೊಸ ಹೆಸರಲ್ಲ. ೧೯೪೦ರ ದಶಕದಲ್ಲಿಯೇ ಇಲ್ಲಿನ ಕಾರ್ಮಿಕರನ್ನು ಪರೀಕ್ಷಿಸಿದಾಗ ಸಾವಿರಾರು ಮಂದಿಯ ಎದೆಯಲ್ಲಿ ಇದು ಕಂಡುಬಂದಿತ್ತು. ಭಾರತದಲ್ಲಿ ಈ ವ್ಯಾಧಿಯ ಚರಿತ್ರೆ ಬರೆಯುವವರು ಮೊದಲ ಪುಟದಲ್ಲಿಯೇ ಈ ಊರಿನ ಹೆಸರನ್ನು ಬರೆಯಬೇಕಾಗುತ್ತದೆ. ಗಣಿಯಿಂದ ಹೊರಬಂದ ಎಷ್ಟೋ ವರ್ಷಗಳ ಮೇಲೆಯೂ ಅದು ಬೆಳೆಯುವುದುಂಟು. ಕಟ್ಟಿದ ಕಲೆಗಳನ್ನು ಅಳಿಸುವ ಮದ್ದು ಆಯುರ್ವೇದದಲ್ಲಿಯೂ ಇಲ್ಲ, ಅಲೋಪತಿಯಲ್ಲಿಯೂ ಇಲ್ಲ.

ಹಾಗಾದರೆ ತಿಳಿದು ಫಲವೇನು? ಫಲವಿದೆ. ಸಿಲಿಕೋಸಿಸ್ ಇದ್ದ ಎದೆಗೆ ಕ್ಷಯ ಸುಲಭವಾಗಿ ತಗಲುತ್ತದೆ. ಕ್ಷಯಕ್ಕೆ ಮದ್ದಿದೆ, ಸರಕಾರ ಅದನ್ನು ಉಚಿತವಾಗಿ ಕೊಡುತ್ತದೆ, ಆದರೆ ಕಫ ಪರೀಕ್ಷಿಸಿದವರಿಗೆ ಮಾತ್ರ. ಮಾವನವರ ಕಫದಲ್ಲಿ ಕ್ಷಯವಿರಲಿಲ್ಲ. ಬೀಡಿ ನಿಂತಿತು. ಶ್ವಾಸಕೋಶದ ಸೋಂಕು ತಡೆಯುವ ಚುಚ್ಚುಮದ್ದುಗಳಾದವು. ಗಾಳಿಯ ತಿಂಗಳುಗಳಲ್ಲಿ ಮೊಮ್ಮಗನಿಗೆ ಇದ್ದ ಕಟ್ಟುಪಾಡೇ ತಾತನಿಗೂ ಬಂದಿತು. ವರ್ಷಕ್ಕೆರಡು ಸಲ ತಪಾಸಣೆ. ಅವರು ಗುಣವಾಗಲಿಲ್ಲ, ಇನ್ನಷ್ಟು ಕುಗ್ಗದೆ ನಿಂತರು. ಎಪ್ಪತ್ತು ದಾಟಿದ ಮನುಷ್ಯನಿಗೆ ಅದೂ ಚಿನ್ನವೇ. ಹದಿನೈದು ವರ್ಷ ಮೊದಲೇ ಎಕ್ಸ್‌ರೇ ಆಗಿದ್ದರೆ ಬೀಡಿ ಅಂದೇ ನಿಲ್ಲುತ್ತಿತ್ತು ಎಂಬ ಮಾತನ್ನು ಆ ಮನೆಯಲ್ಲಿ ಯಾರೂ ಆಡುವುದಿಲ್ಲ. ಅತ್ತೆ ಮಾತ್ರ ಒಮ್ಮೆ, ಒಲೆಯ ಮೇಲಿನ ಪಾತ್ರೆಯನ್ನು ನೋಡುತ್ತ, "ನಾನು ಕೊಟ್ಟದ್ದು ಸುಳ್ಳಲ್ಲ ಕಣಮ್ಮ, ಆದರೆ ಅದಕ್ಕೆ ಗೊತ್ತಿದ್ದದ್ದು ಸೀನು ಮಾತ್ರ" ಎಂದರಂತೆ.

ಮನೆಮದ್ದಿನ ವಿಷಯದಲ್ಲಿ ಇದಕ್ಕಿಂತ ನ್ಯಾಯವಾದ ತೀರ್ಪು ದೊರೆಯಲಾರದು. ಮದ್ದು ಎಂದ ಮೇಲೆ ಅದಕ್ಕೂ ಮಿತಿಯಿದೆ, ಅಪಾಯವಿದೆ. ಆಡುಸೋಗೆ ಬಸುರಿಯರಿಗೆ ಸಲ್ಲದು. ಒಂದು ವರ್ಷ ತುಂಬದ ಕೂಸಿಗೆ ಜೇನುತುಪ್ಪ ನೆಕ್ಕಿಸಬಾರದು. ಅದರ ಮೂಗಿನ ಬಳಿ ಕರ್ಪೂರ ಹಿಡಿಯಬಾರದು. ಅತಿಮಧುರವನ್ನು ಬಹುಕಾಲ ಸೇವಿಸಿದರೆ ರಕ್ತದ ಒತ್ತಡ ಏರುತ್ತದೆ. ಅಮೃತಬಳ್ಳಿಯನ್ನು ತಿಂಗಳುಗಟ್ಟಲೆ ಕುಡಿದು ಯಕೃತ್ತು ಕೆಡಿಸಿಕೊಂಡವರ ವಿವರಗಳನ್ನು ಮುಂಬಯಿಯ ವೈದ್ಯರು ೨೦೨೧ರಲ್ಲಿ ಪ್ರಕಟಿಸಿದ್ದಾರೆ. ಕುದಿಯುವ ನೀರಿನ ಹಬೆ ಹಿಡಿಯಲು ಹೋಗಿ ಮೈ ಸುಟ್ಟುಕೊಂಡ ಮಕ್ಕಳು ಎಲ್ಲ ಊರಿನ ಆಸ್ಪತ್ರೆಗಳಲ್ಲಿಯೂ ಸಿಗುತ್ತಾರೆ. ಎರಡು ವಾರ ಮೀರಿದ ಕೆಮ್ಮು, ಕಫದಲ್ಲಿ ರಕ್ತ, ಸಂಜೆಯ ಜ್ವರ, ಇಳಿಯುವ ತೂಕ, ಮಾತಾಡಲಾಗದಷ್ಟು ಉಬ್ಬಸ, ಇವುಗಳಲ್ಲಿ ಒಂದು ಕಂಡರೂ ಕಷಾಯದ ಪಾತ್ರೆಯನ್ನು ಇಳಿಸಿ ವೈದ್ಯರಲ್ಲಿಗೆ ಹೊರಡಬೇಕು. ಹಾಗೆ ಹೊರಡುವಾಗ ಯಾರಾದರೂ ಒಂಟಿ ಸೀನು ಸೀನಿದರೂ ಹಿಂದಿರುಗಬಾರದು.

ಇನ್ನು ಗುಡ್ಡಗಳ ಮಾತು. ಆ ಹುಡಿಯಲ್ಲಿ ಇನ್ನೂ ಉಳಿದಿರುವ ಅಷ್ಟಿಷ್ಟು ಚಿನ್ನವನ್ನು ತೆಗೆಯುವ ಯೋಜನೆಗೆ ೨೦೨೪ರಲ್ಲಿ ರಾಜ್ಯ ಸರಕಾರ ಒಪ್ಪಿಗೆ ಕೊಟ್ಟಿತು. ಊರಿಗೆ ಮತ್ತೆ ಕೆಲಸ ಬರುವುದಾದರೆ ಸಂತೋಷವೇ. ಆದರೆ ಮಲಗಿರುವ ಹುಡಿಯನ್ನು ಕೆದಕುವ ದಿನ ಅದನ್ನು ನೀರಿನಿಂದ ನೆನೆಸಿಡುವವರು ಯಾರು, ಕೆದಕಿ ಬಿಟ್ಟ ಮೇಲೆ ಹಸಿರು ಹೊದಿಸುವವರು ಯಾರು ಎಂದು ಊರಿನವರು ಈಗಲೇ ಕೇಳಬೇಕಾಗಿದೆ. ಮೂಗನ್ನು ಮನೆಯಲ್ಲಿ ತೊಳೆಯಬಹುದು, ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಬಹುದು, ಕಾಂಗ್ರೆಸ್ ಗಿಡವನ್ನು ಬೀದಿಯವರು ಸೇರಿ ಕೀಳಬಹುದು. ಗುಡ್ಡವನ್ನು ಮಾತ್ರ ಯಾವ ಗೃಹಿಣಿಯೂ ತನ್ನ ಸೆರಗಿನಿಂದ ಮುಚ್ಚಲಾರಳು. ಅಲ್ಲಿಯವರೆಗೆ ಪ್ರತಿಯೊಂದು ಮನೆಯಲ್ಲಿಯೂ ಹಾಲಿನ ಲೆಕ್ಕದ ಪಕ್ಕದಲ್ಲಿ ಉಸಿರಿನ ಲೆಕ್ಕವೂ ಇರ

ುವುದು ಲೇಸು. ಅದಕ್ಕೆ ಬೇಕಾದುದು ಒಂದು ಪೆನ್ಸಿಲು ಮತ್ತು ಒಂದು ವರ್ಷದ ತಾಳ್ಮೆ.